ಮಂಗಳವಾರ ಹುಟ್ಟಿದ ಮಗ: ಅರ್ಧವೋ, 1/3ಓ, 13/27ಓ?

ಅಪ್ಪೆಮಿಡಿ (ಶಿರಸಿ):

ಮೊನ್ನೆ ಒಂದು ಉಪನಯನದ ಮನೆಯಲ್ಲಿ ಊಟ ಮುಗಿಸಿ ಕವಳ ಹಾಕುತ್ತಾ ಕೂತಿದ್ದಾಗ ನಮ್ಮ ಭಾವ ಒಂದು ಲೆಕ್ಕ ಬಿಟ್ಟರು. ಆಗ ಶುರುವಾದ ವಾದ ಸಂಜೆ ಚಾ ಹೊತ್ತಿಗೂ ನಿಲ್ಲಲಿಲ್ಲ. ಲೆಕ್ಕ ಇಷ್ಟೇ. ಒಬ್ಬರಿಗೆ ಇಬ್ಬರು ಮಕ್ಕಳು. ಅವರಲ್ಲಿ ಒಬ್ಬನಾದರೂ ಮಂಗಳವಾರ ಹುಟ್ಟಿದ ಗಂಡು. ಇಬ್ಬರೂ ಗಂಡೇ ಆಗಿರುವ ಸಂಭವ ಎಷ್ಟು? ಗಂಡು ಹೆಣ್ಣು ಸಮ, ಏಳು ವಾರಗಳೂ ಸಮ, ಅವಳಿ ಜವಳಿ ಇಲ್ಲ ಅಂತಿಟ್ಟುಕೊಳ್ಳಿ.

ಜಗಲಿಯಲ್ಲಿದ್ದ ಹಿರಿಯರೆಲ್ಲ ಅರ್ಧ ಅಂದರು. ಬೆಂಗಳೂರಲ್ಲಿ ಓದುವ ಅಳಿಯ 1/3 ಅಂದ, ಮಂಗಳವಾರ ಸುಮ್ನೆ ದಾರಿ ತಪ್ಪಿಸೋಕೆ ಹಾಕಿದ್ದು ಅಂತ. ಭಾವ ನಗುತ್ತಾ 13/27 ಅಂದರು.

1/3 ನನಗೆ ಅರ್ಥವಾಗುತ್ತದೆ. ದೊಡ್ಡದು ಮೊದಲು, ಚಿಕ್ಕದು ಆಮೇಲೆ ಅಂತ ಬರೆದರೆ ಗಂಡು-ಗಂಡು, ಗಂಡು-ಹೆಣ್ಣು, ಹೆಣ್ಣು-ಗಂಡು, ಈ ಮೂರರಲ್ಲಿ ಒಂದು. ಆದರೆ ಮಂಗಳವಾರಕ್ಕೂ ಇನ್ನೊಂದು ಮಗು ಗಂಡೋ ಹೆಣ್ಣೋ ಅನ್ನೋದಕ್ಕೂ ಏನು ನಂಟು? ಬುಧವಾರ ಅಂದಿದ್ದರೂ 13/27, ಶುಕ್ರವಾರ ಅಂದಿದ್ದರೂ 13/27. ಮಗ ಯಾವುದೋ ಒಂದು ವಾರ ಹುಟ್ಟಿರಲೇಬೇಕು, ಹಾಗಾದರೆ ವಾರ ಹೇಳದೇ ಇದ್ದರೂ 13/27 ಬರಬೇಕಲ್ವಾ? ಬರೋದು ಮಾತ್ರ 1/3. ಇದು ಹೇಗೆ?

ಬನವಾಸಿ ಬಸ್ಸು:

ಅರ್ಧ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಮಾರಾಯ್ರೆ? ಒಂದು ಮಗು ಗಂಡು ಅಂತ ಗೊತ್ತಾಯ್ತು, ಇನ್ನೊಂದರದ್ದು ಅದರ ಪಾಡಿಗೆ ಅದು. ಅಣ್ಣ ಮಂಗಳವಾರ ಹುಟ್ಟಿದ ಅಂತ ಹೊಟ್ಟೆಯೊಳಗಿನ ಮಗುವಿಗೆ ಯಾರಾದರೂ ಹೇಳಿರುತ್ತಾರಾ?

ಕರಿ ಇಶಾಡ (ಅಂಕೋಲಾ):

ಎಣಿಸಿ ನೋಡಿ, ಮಾತು ಬೇಡ. ಒಂದು ಮಗುವಿಗೆ ಗಂಡು-ಹೆಣ್ಣು ಎರಡು, ವಾರ ಏಳು, ಒಟ್ಟು 14 ಬಗೆ. ಇನ್ನೊಂದಕ್ಕೂ 14. ಗುಣಿಸಿದರೆ 196. ದೊಡ್ಡದು ಮಂಗಳವಾರದ ಗಂಡಾಗಿರುವ ಜೋಡಿ 14, ಚಿಕ್ಕದು ಹಾಗಿರುವ ಜೋಡಿ 14, ಇಬ್ಬರೂ ಮಂಗಳವಾರದ ಗಂಡಾಗಿರುವ ಒಂದು ಜೋಡಿ ಎರಡು ಸಲ ಎಣಿಕೆಯಾಗಿದೆ, ಅದನ್ನು ಕಳೆದರೆ 27. ಇದೇ ರೀತಿ ಇಬ್ಬರೂ ಗಂಡಾಗಿರುವ ಜೋಡಿ 7+7-1, ಅಂದರೆ 13. ಮುಗಿಯಿತು.

ನಂಟು ಎಲ್ಲಿಂದ ಬಂತು ಅಂದರೆ, ಇಬ್ಬರು ಗಂಡುಮಕ್ಕಳಿರುವ ಮನೆಗೆ ಮಂಗಳವಾರದ ಮಗ ಸಿಗೋಕೆ ಎರಡು ಅವಕಾಶ, ಒಬ್ಬನೇ ಮಗ ಇರುವ ಮನೆಗೆ ಒಂದೇ. ಬರೀ ಗಂಡು ಇದ್ದಾನಾ ಅಂತ ಕೇಳಿದರೆ ಆ ಎರಡನೇ ಅವಕಾಶದಿಂದ ಏನೂ ಜಾಸ್ತಿ ಸಿಗೋದಿಲ್ಲ. ಗುರುತು ಅಪರೂಪ ಆದಷ್ಟೂ ಉತ್ತರ ಅರ್ಧದ ಹತ್ತಿರ ಹೋಗುತ್ತದೆ. ತಿಂಗಳು ಹೇಳಿದರೆ 23/47. ವರ್ಷದ 365 ದಿನಗಳಲ್ಲಿ ಇಂಥದ್ದೇ ದಿನ ಅಂದರೆ 729/1459.

ಬನವಾಸಿ ಬಸ್ಸು:

ನಾಳೆ ಬಸ್ಸಲ್ಲಿ ಪಕ್ಕ ಕೂತವರು, ನನಗೆ ಇಬ್ಬರು ಮಕ್ಕಳು, ಮಗ ಮಂಗಳವಾರ ಹುಟ್ಟಿದ್ದು, ಅದಕ್ಕೇ ಮಾರಿಕಾಂಬೆಗೆ ಹಣ್ಣುಕಾಯಿ ಮಾಡಿಸೋಕೆ ಹೊರಟೆ ಅಂದರೆ ನೀವು ಮನಸ್ಸಲ್ಲಿ 13/27 ಅಂತೀರಾ? ನಾನಂತೂ ಅರ್ಧವೇ ಅನ್ನೋದು.

ಸದಾಶಿವಗಡ (ಕಾರವಾರ):

ಬಸ್ಸಿನವರು ಗೊತ್ತಿಲ್ಲದೇ ಸರಿಯಾದ ಜಾಗ ಮುಟ್ಟಿದ್ದಾರೆ. ಜಗಳ ಇರೋದು ಎಣಿಕೆಯಲ್ಲಿ ಅಲ್ಲ, ಆ ಸುದ್ದಿ ನಿಮ್ಮ ಕಿವಿಗೆ ಹೇಗೆ ಬಂತು ಅನ್ನೋದರಲ್ಲಿ. ಲೆಕ್ಕ ಕೊಟ್ಟವರು ಅದನ್ನೇ ಹೇಳೋದಿಲ್ಲ. ಒಬ್ಬೊಬ್ಬರು ಒಂದೊಂದು ಅಂದುಕೊಂಡು ಕೂಗಾಡುತ್ತಾರೆ.

ಇಬ್ಬರಿಬ್ಬರು ಮಕ್ಕಳಿರುವ 196 ಅಪ್ಪಂದಿರನ್ನು ಮೈದಾನದಲ್ಲಿ ನಿಲ್ಲಿಸಿ, ಪ್ರತಿ ಬಗೆಗೂ ಒಬ್ಬೊಬ್ಬರು. ಇಬ್ಬರೂ ಗಂಡು 49 ಮನೆ, ಒಂದು ಗಂಡು ಒಂದು ಹೆಣ್ಣು 98, ಇಬ್ಬರೂ ಹೆಣ್ಣು 49. ಈಗ ಮೈಕಲ್ಲಿ, ಮಂಗಳವಾರ ಹುಟ್ಟಿದ ಮಗ ಇದ್ದವರು ಕೈ ಎತ್ತಿ ಅನ್ನಿ. 27 ಕೈ ಏಳುತ್ತವೆ, ಅದರಲ್ಲಿ 13 ಜನಕ್ಕೆ ಇಬ್ಬರೂ ಗಂಡು. ನಿಮ್ಮ ಭಾವನ ಉತ್ತರ ಸಿಕ್ಕಿತು.

ಇನ್ನೊಂದು ರೀತಿ ಮಾಡಿ. ಯಾರೂ ಕೇಳೋದಿಲ್ಲ, ಪ್ರತಿ ಅಪ್ಪನೂ ಮನಸ್ಸಲ್ಲೇ ನಾಣ್ಯ ಹಾರಿಸಿ ಒಂದು ಮಗುವನ್ನು ಆರಿಸಿಕೊಂಡು ಅದರ ವಿಷಯ ಮಾತ್ರ ಹೇಳುತ್ತಾನೆ. ಆ 13 ಜನರಲ್ಲಿ ಒಬ್ಬನಿಗೆ ಇಬ್ಬರೂ ಮಂಗಳವಾರದವರು, ಅವನು ಮಂಗಳವಾರದ ಮಗ ಅಂತ ಹೇಳಲೇಬೇಕು. ಉಳಿದ 12ರಲ್ಲಿ ಸರಾಸರಿ 6 ಜನ ಹಾಗೆ ಹೇಳುತ್ತಾರೆ, ಮಿಕ್ಕ 6 ಜನ ಇನ್ನೊಬ್ಬ ಮಗನ ಸುದ್ದಿ ಹೇಳುತ್ತಾರೆ. ಒಟ್ಟು 7. ಹೆಣ್ಣೂ ಇರುವ 14 ಮನೆಗಳಿಂದಲೂ 7. ಅಂದರೆ 14ರಲ್ಲಿ 7, ಸರಿಯಾಗಿ ಅರ್ಧ. ಬಸ್ಸಲ್ಲಿ ತಾನಾಗೇ ಮಾತಿಗಿಳಿದವರು ಹೆಚ್ಚುಕಡಿಮೆ ಹೀಗೆ. ಹೆಚ್ಚುಕಡಿಮೆ ಅಂದೆ, ಯಾಕೆಂದರೆ ಕೆಲವರು ಮಗನ ಸುದ್ದಿಯನ್ನೇ ಮೊದಲು ಹೇಳುತ್ತಾರೆ, ಆಗ ಲೆಕ್ಕ ಮತ್ತೆ ಬದಲು.

ಅಪ್ಪೆಮಿಡಿಯವರ ಪ್ರಶ್ನೆಗೂ ಅದೇ ಮೈದಾನ ಸಾಕು. ಮಂಗಳವಾರಕ್ಕೆ ಕೈ ಎತ್ತಿಸಿದ ಹಾಗೇ ಏಳೂ ವಾರಕ್ಕೆ ಎತ್ತಿಸಿ. ಒಂದೇ ಗಂಡಿರುವ 98 ಅಪ್ಪಂದಿರು ಒಂದೇ ಸಲ ಎತ್ತುತ್ತಾರೆ. ಇಬ್ಬರೂ ಗಂಡಿರುವ 49ರಲ್ಲಿ, ಮಕ್ಕಳ ವಾರ ಬೇರೆ ಬೇರೆ ಆಗಿರುವ 42 ಜನ ಎರಡು ಸಲ ಎತ್ತುತ್ತಾರೆ, 7 ಜನ ಒಂದು ಸಲ. ಹಾಗಾಗಿ 49 ಜನರಿಂದ 91 ಕೈ. 189 ಕೈಗಳಲ್ಲಿ 91 ಅಂದರೆ 13/27. ಕೈ ಎಣಿಸದೇ ಜನ ಎಣಿಸಿದರೆ 147ರಲ್ಲಿ 49, ಅಂದರೆ 1/3. ಏಳು ಗುಂಪು ಒಂದರೊಳಗೊಂದು ಸೇರಿಕೊಂಡಿವೆ, ಅದಕ್ಕೇ ಏಳರಲ್ಲೂ ಒಂದೇ ಉತ್ತರ ಬಂದರೂ ಒಟ್ಟು ಗುಂಪಿಗೆ ಅದೇ ಬರಬೇಕಂತಿಲ್ಲ.

ಇದು ಹಳೇ ಜಗಳ. ಗಣಿತದ ಒಗಟುಗಳನ್ನು ಬರೆಯುತ್ತಿದ್ದ ಮಾರ್ಟಿನ್ ಗಾರ್ಡ್ನರ್ 1959ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣದಲ್ಲಿ ವಾರ ಇಲ್ಲದ ಲೆಕ್ಕ ಕೊಟ್ಟು 1/3 ಅಂದಿದ್ದರು. ಸುದ್ದಿ ಹೇಗೆ ಸಿಕ್ಕಿತು ಅಂತ ಹೇಳದೇ ಪ್ರಶ್ನೆ ಪೂರ್ತಿ ಆಗೋದಿಲ್ಲ ಅಂತ ಆಮೇಲೆ ಅವರೇ ಒಪ್ಪಿದರು. ಮಂಗಳವಾರ ಸೇರಿಸಿ ಕೇಳಿದ್ದು ಗ್ಯಾರಿ ಫೋಶೀ, 2010ರಲ್ಲಿ, ಗಾರ್ಡ್ನರ್ ಅಭಿಮಾನಿಗಳು ಸೇರುವ ಸಮ್ಮೇಳನದಲ್ಲೇ.

ಎಕ್ಸೆಲ್ ಮಾವ (ಕುಮಟಾ):

ಇಷ್ಟೆಲ್ಲ ಯಾಕೆ? ಲಕ್ಷ ಮನೆ ಹಾಕಿ ಒಂದು ಪ್ರೋಗ್ರಾಮ್ ಓಡಿಸಿ. ಮೂರು ಬಾಗಿಲಿನ ಮಾಂಟಿ ಹಾಲ್ ಲೆಕ್ಕ ಇದೆಯಲ್ಲ, ಒಂದು ಬಾಗಿಲ ಹಿಂದೆ ಕಾರು, ಎರಡರ ಹಿಂದೆ ಆಡು, ನೀವು ಒಂದನ್ನು ಆರಿಸಿದ ಮೇಲೆ ನಿರೂಪಕ ಉಳಿದವುಗಳಲ್ಲಿ ಆಡು ಇರುವ ಒಂದನ್ನು ತೆರೆದು ತೋರಿಸಿ, ಬಾಗಿಲು ಬದಲಿಸುತ್ತೀರಾ ಅಂತ ಕೇಳುತ್ತಾನೆ. ಅದರಲ್ಲಿ ಪಾಲ್ ಎರ್ಡಿಶ್ ಅಂಥ ಗಣಿತಜ್ಞನೇ ಬಾಗಿಲು ಬದಲಿಸಬೇಕು ಅನ್ನೋದನ್ನು ನಂಬಿರಲಿಲ್ಲ, ಕಂಪ್ಯೂಟರಲ್ಲಿ ತೋರಿಸಿದ ಮೇಲೆ ಒಪ್ಪಿದರಂತೆ.

ಸದಾಶಿವಗಡ (ಕಾರವಾರ):

ಓಡಿಸಿ ಮಾವ, ಆದರೆ ಒಂದು ಸಾಲು ಬರೆಯುವಾಗ ಕೈ ನಿಲ್ಲುತ್ತದೆ. ಮಂಗಳವಾರದ ಮಗ ಇರುವ ಮನೆಗಳನ್ನೆಲ್ಲ ಉಳಿಸಿಕೊಳ್ಳುತ್ತೀರೋ, ಒಂದು ಮಗುವನ್ನು ಆರಿಸಿ ಅದು ಮಂಗಳವಾರದ ಗಂಡಾದರೆ ಮಾತ್ರ ಉಳಿಸುತ್ತೀರೋ? ನೀವು ಬರೆದದ್ದಕ್ಕೆ ತಕ್ಕ ಉತ್ತರವನ್ನೇ ಕಂಪ್ಯೂಟರ್ ಕೊಡುತ್ತದೆ. ಮಾಂಟಿ ಹಾಲ್‌ನಲ್ಲೂ ಹೀಗೇ. 1990ರಲ್ಲಿ ಅಮೆರಿಕದ ಅಂಕಣಗಾರ್ತಿ ಮೆರಿಲಿನ್ ವಾಸ್ ಸಾವಂಟ್ ಬಾಗಿಲು ಬದಲಿಸಿ, 2/3 ಸಿಗುತ್ತದೆ ಅಂದಾಗ ಸುಮಾರು ಹತ್ತು ಸಾವಿರ ಪತ್ರ ಬಂದವು, ಹೆಚ್ಚಿನವು ಬೈಗುಳವೇ. ಮೇಡಂ ಹೇಳಿದ್ದು ಸರಿ, ಕಾರು ಎಲ್ಲಿದೆ ಅಂತ ಗೊತ್ತಿದ್ದು ನಿರೂಪಕ ಬೇಕಂತಲೇ ಆಡು ಇರುವ ಬಾಗಿಲು ತೆರೆದರೆ. ಅವನಿಗೂ ಗೊತ್ತಿಲ್ಲದೇ ತೆರೆದ ಬಾಗಿಲಲ್ಲಿ ಆಡು ಕಂಡರೆ ಬದಲಿಸಿದರೂ ಅರ್ಧವೇ. ಕಣ್ಣಿಗೆ ಬಿದ್ದದ್ದು ಎರಡರಲ್ಲೂ ಅದೇ ಆಡು.

ಅಪ್ಪೆಮಿಡಿ (ಶಿರಸಿ):

91 ಕೈಗಳ ಲೆಕ್ಕ ಚೆನ್ನಾಗಿದೆ, ಕೂತು ಪಟ್ಟಿ ಬರೆದೆ, ತಾಳೆಯಾಯಿತು. ಭಾವನಿಗೆ ಫೋನ್ ಮಾಡಿ ಈ ಸುದ್ದಿ ನಿಮಗೆ ಹೇಗೆ ಸಿಕ್ಕಿತು ಅಂತ ಕೇಳಿದರೆ, ಲೆಕ್ಕದಲ್ಲಿ ಇದ್ದಷ್ಟು ಓದು, ಹೆಚ್ಚಿಗೆ ಕೇಳಬೇಡ ಅಂದರು. ಅವರ ಪ್ರಕಾರ "ಒಬ್ಬನಾದರೂ" ಅಂದ ಮೇಲೆ ಕೈ ಎತ್ತಿಸಿದ ಹಾಗೆಯೇ.

ಬನವಾಸಿ ಬಸ್ಸು:

ಅಂತೂ ನನ್ನ ಅರ್ಧ ಸರಿ ಅಂತಾಯ್ತು.

ಕರಿ ಇಶಾಡ (ಅಂಕೋಲಾ):

ಬಸ್ಸಿನೊಳಗೆ ಸರಿ. ಆದರೆ ನೀವು ಕೊಟ್ಟ ಕಾರಣ, ಅಂದರೆ ಇನ್ನೊಂದು ಮಗು ಅದರ ಪಾಡಿಗೆ ಅದು ಅನ್ನೋದು, ಮೈದಾನದಲ್ಲೂ ಅರ್ಧ ಅನ್ನುತ್ತದೆ, ಅಲ್ಲಿ ಬರೋದು 13/27. ಅಲ್ಲಿ ಯಾವ ಮಗುವನ್ನೂ ಬೊಟ್ಟು ಮಾಡಿ ತೋರಿಸಿಲ್ಲ, ಹಾಗಾಗಿ ಇನ್ನೊಂದು ಮಗು ಅಂತ ಅನ್ನೋದಾದರೂ ಯಾವುದಕ್ಕೆ?