ಎಮ್ಮಿ ಹಾಲು ಚೆಲ್ಲಿ ಒಂಬತ್ತು ದಿನ ಆತು, ಕಾರಿನಾಗ ಹುಳಿ ನಾತ ಹೋಗವಲ್ದು

ಗುಮ್ಮಟ28, ವಿಜಯಪುರ:
ಪೆಟ್ರೋಲ್ ಹ್ಯಾಚ್‌ಬ್ಯಾಕ್. ಡ್ರೈವರ್ ಸೀಟಿನ ಹಿಂದ ಇಟ್ಟಿದ್ದ ಕ್ಯಾನಿನ ಮುಚ್ಚಳ ಸಡಲಾಗಿ 2 ಲೀಟರಿನಷ್ಟು ಹಾಲು ಚೆಲ್ಲಿದ್ವು. ಅವತ್ತೇ ಒರಸೀವಿ. ಮರುದಿನ ಬಿಸಿನೀರು, ಶಾಂಪೂ ಹಾಕಿ ಬ್ರಷ್‌ಲೆ ತಿಕ್ಕೀವಿ, ಅದಾದ ಮ್ಯಾಲೆ ಫಿನಾಯಿಲ್. ಮುಂಜಾನೆ ಅಷ್ಟು ಗೊತ್ತಾಗೂದಿಲ್ಲ. ಮಧ್ಯಾಹ್ನ ಬಿಸಿಲಾಗ ನಿಂತ ಗಾಡಿ ಬಾಗಿಲಾ ತೆಗದ್ರ ವಾಂತಿ ಬರೂವಂಥಾ ನಾತ. ಎಸಿ ಹಚ್ಚಿದ್ರ ಮೊದಲ ಎರಡು ನಿಮಿಷ ಇನ್ನೂ ಜೋರು. ಕಾರ್ಪೆಟ್ ಮುಟ್ಟಿ ನೋಡಿದ್ರ ಒಣಗೇ ಅದ. ಪರ್ಫ್ಯೂಮ್ ಡಬ್ಬಿ ಎರಡು ಇಟ್ಟೀವಿ, ಫರಕ್ ಇಲ್ಲ. ಏನ್ ಮಾಡ್ಬೇಕ್ರಿ?

ಮುಳುಗಡೆ29, ಬಾಗಲಕೋಟೆ:
ಮೊದಲು ಆ ಪರ್ಫ್ಯೂಮ್ ಡಬ್ಬಿ ತೆಗೀರಿ. ನಾತ ಎಲ್ಲೈತಿ ಅಂತ ಹುಡುಕಾಕ ಮೂಗು ಖಾಲಿ ಇರಬೇಕು.

ಕಾರ್ಪೆಟ್ ಮ್ಯಾಲೆ ಒಣಗಿರಬಹುದು, ಅದರ ಕೆಳಗ ಬೆರಳು ದಪ್ಪದ ಫೆಲ್ಟ್ ಇರ್ತೈತಿ, ಗಾದಿ ಇದ್ದಂಗ. ಹಾಲು ಕುಂತಿದ್ದು ಅಲ್ಲಿ. ಎಮ್ಮಿ ಹಾಲಿನ್ಯಾಗ ಕೊಬ್ಬು ಸುಮಾರು 6–7%. ಆ ಕೊಬ್ಬು ಒಡದು ಬ್ಯುಟಿರಿಕ್ ಆಮ್ಲ ಬಿಡ್ತೈತಿ. ಹಳಸಿದ ಬೆಣ್ಣಿ, ವಾಂತಿ ಎರಡರ ನಾತದಾಗೂ ಇರೋದು ಅದೇ. ಬಿಸಿಲು ಏರಿದಂಗ ಅದು ಆವಿಯಾಗಿ ಏಳ್ತೈತಿ, ಹಂಗಾಗೇ ನಿಮಗ ಮಧ್ಯಾಹ್ನ ಜಾಸ್ತಿ. ಬಿಸಿನೀರು ಹಾಕಿದ್ದು ತಪ್ಪಾತು ನೋಡ್ರಿ. ಹುಳಿ ಹತ್ತಿದ ಹಾಲಿಗೆ ಬಿಸಿ ತಗಲಿದ್ರ ಪನೀರ್ ಆಗ್ತೈತಿ, ಈಗ ಅದು ಫೆಲ್ಟಿನ ಎಳಿ ಹಿಡಕೊಂಡೈತಿ. ಇನ್ನ ಮ್ಯಾಲೆ ಬರೀ ತಣ್ಣೀರು, ಇಲ್ಲಾ ಉಗುರುಬೆಚ್ಚಗಿಂದು.

ಜಾಗ ಪಕ್ಕಾ ಮಾಡ್ಕೊಳ್ರಿ. ಯುವಿ ಟಾರ್ಚ್ ತಗೊಳ್ಳಾಕ ಹೋಗಬ್ಯಾಡ್ರಿ, ಡಿಟರ್ಜೆಂಟ್ ಬಿದ್ದ ಬಟ್ಟಿನೂ ಅದರ ಬೆಳಕಿಗೆ ಹೊಳೀತೈತಿ. ನಾಕು ಬಿಳಿ ಅರಿವಿ ತುಂಡು ಒದ್ದಿ ಮಾಡಿ ಹಿಂಡಿ ನಾಕು ಕಡೆ ಇಡ್ರಿ, ಪ್ರತಿಯೊಂದರ ಮ್ಯಾಲೆ ನೀರು ತುಂಬಿದ ಬಾಟ್ಲಿ ಹೇರಿ ಹದಿನೈದು ನಿಮಿಷ ಬಿಡ್ರಿ. ಆಮೇಲೆ ಗಾಡಿಯಿಂದ ಹತ್ತು ಹೆಜ್ಜಿ ದೂರ ಹೋಗಿ ಒಂದೊಂದಾಗಿ ಮೂಸ್ರಿ. ಗಾಡಿ ನೆಲದ ನಡುವಿನ ಉಬ್ಬಿನ ಬುಡಕ್ಕ ಒಂದು ತುಂಡು ಮರೀಬ್ಯಾಡ್ರಿ, ಹಾಲು ಚೆಲ್ಲಿದ ಜಾಗ ಒಂದು, ಹರದು ನಿಂತ ಜಾಗ ಒಂದು ಇರ್ತೈತಿ.

ಕಾರ್ಪೆಟ್ ಎತ್ತದ ಈ ಕೆಲಸ ಆಗೂದಿಲ್ಲ. ಪೂರ್ತಿ ತೆಗಿಯೋದು ಬ್ಯಾಡ. ಡ್ರೈವರ್ ಸೀಟ್ ಇಳಿಸಿ, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಮ್ಯಾಲಕ್ಕೆ ಜಗ್ಗಿದ್ರ ಕ್ಲಿಪ್ ಬಿಡ್ತಾವು, ಆ ಅಂಚಿನಿಂದ ಕಾರ್ಪೆಟ್ ಏಳ್ತೈತಿ. ನಡುವ ಎರಡು ಮರದ ತುಂಡು ಕೊಡ್ರಿ.

ಕುಂದಾ22, ಬೆಳಗಾವಿ:
ಸೀಟು ಇಳಿಸುವ ಮುಂಚೆ ಒಂದು ಎಚ್ಚರಿಕೆ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟ್ ಬಿಗಿಯುವ ಪ್ರಿಟೆನ್ಶನರ್‌ನದು. ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಆಮೇಲೆ ಕನೆಕ್ಟರ್ ಕಳಚಿ. ಅದು ಕಳಚಿರುವಾಗ ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ, ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಹಚ್ಚದೆ ಆರುವುದಿಲ್ಲ. ಸೀಟು ಸರಿಯುವ ರೈಲಿನ ನಾಲ್ಕು ಬೋಲ್ಟ್ ಸಾಮಾನ್ಯವಾಗಿ 14 ಎಂಎಂ, ಕೆಲವು ಗಾಡಿಗಳಲ್ಲಿ ನಕ್ಷತ್ರದಾಕಾರದ ಟಾರ್ಕ್ಸ್.

ಫಿನಾಯಿಲ್ ಹಾಕಿದ್ದೀರಿ, ಅದನ್ನು ತೊಳೆಯದೆ ಕೊಳೆ ಒಡೆಯುವ ಎಂಜೈಮ್ ಕ್ಲೀನರ್ ಹಾಕಿದರೆ ಎಂಜೈಮ್ ಸಾಯುತ್ತದೆ, ದುಡ್ಡೂ ಹೋಗುತ್ತದೆ. ಆದ್ದರಿಂದ ಮೊದಲು ಬರೀ ನೀರು. ಅರ್ಧ ಲೀಟರ್ ಹಾಕಿ, ಅಂಗೈಯಿಂದ ಒತ್ತಿ, ನೀರೆಳೆಯುವ ವ್ಯಾಕ್ಯೂಮ್‌ನಿಂದ ಎಳೆಯಿರಿ. ಆರೇಳು ಸಲ. ಟ್ಯಾಂಕಿಗೆ ಬರುವ ನೀರು ಮೊದಲು ಮಜ್ಜಿಗೆ ಬಣ್ಣ ಇರುತ್ತದೆ, ತಿಳಿಯಾಗುವವರೆಗೆ ನಿಲ್ಲಿಸಬೇಡಿ. ವಿಜಯಪುರದ ಬೋರ್ ನೀರು ಗಡುಸಾಗಿದ್ದರೆ ಕೊನೆಯ ಎರಡು ಸಲ ಫಿಲ್ಟರ್ ನೀರು ಬಳಸಿ, ಇಲ್ಲದಿದ್ದರೆ ಒಣಗಿದ ಮೇಲೆ ಬಿಳಿ ಉಪ್ಪಿನ ವರ್ತುಲ ಉಳಿಯುತ್ತದೆ.

ನಂತರ ಎಂಜೈಮ್ ಕ್ಲೀನರ್. ನಾಯಿ-ಬೆಕ್ಕಿನ ಮೂತ್ರಕ್ಕೆಂದು ಮಾರುವುದೇ ಸಾಕು, ಆದರೆ ಲೇಬಲ್ಲಿನಲ್ಲಿ ಪ್ರೋಟಿಯೇಸ್, ಲೈಪೇಸ್ ಎರಡೂ ಇರಲಿ. ಒಂದು ಪನೀರಿಗೆ, ಇನ್ನೊಂದು ಕೊಬ್ಬಿಗೆ. ಎಲ್ಲರೂ ತಪ್ಪುವುದು ಪ್ರಮಾಣದಲ್ಲಿ. ಸ್ಪ್ರೇ ಮಾಡಿದರೆ ಕಾರ್ಪೆಟ್ಟಿನ ತುದಿಗೂದಲು ಮಾತ್ರ ನೆನೆಯುತ್ತದೆ. ಹಾಲು ಎಷ್ಟು ಆಳ ಹೋಗಿದೆಯೋ ದ್ರಾವಣ ಅಷ್ಟೇ ಆಳ ಹೋಗಬೇಕು, ಅಂದರೆ ನಿಮಗೆ ಒಂದರಿಂದ ಒಂದೂವರೆ ಲೀಟರ್, ಫೆಲ್ಟಿನ ಎರಡೂ ಮುಖಕ್ಕೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ರಾತ್ರಿಯಿಡೀ ಬಿಡಿ, ಒಣಗಿದರೆ ಅದರ ಕೆಲಸ ನಿಂತಂತೆ. ಗಾಡಿ ನೆರಳಿನಲ್ಲಿರಲಿ, ಅತಿ ಬಿಸಿಗೆ ಎಂಜೈಮ್ ಕೆಡುತ್ತದೆ. ಬೆಳಗ್ಗೆ ಮೊದಲಿಗಿಂತ ಹೆಚ್ಚು ನಾತ ಬಂದರೆ ಗಾಬರಿ ಬೇಡ, ಕೊಬ್ಬು ಒಡೆಯುವಾಗ ಹಾಗಾಗುತ್ತದೆ.

ಅದನ್ನು ಎಳೆದು ತೆಗೆದ ಮೇಲೆ ಅಡುಗೆ ಸೋಡಾ: ಲೀಟರ್ ನೀರಿಗೆ ಎರಡು ದೊಡ್ಡ ಚಮಚ. ಉಳಿದ ಬ್ಯುಟಿರಿಕ್ ಆಮ್ಲ ಲವಣವಾಗಿ ಬದಲಾಗುತ್ತದೆ, ಲವಣ ಆವಿಯಾಗುವುದಿಲ್ಲ, ಹಾಗಾಗಿ ಮೂಗಿಗೂ ಬರುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಒಂದು ಸಲ ಫಿಲ್ಟರ್ ನೀರಿನಿಂದ ತೊಳೆದು ಎಳೆಯಿರಿ. ಒಣ ಸೋಡಾ ಪುಡಿ ಉದುರಿಸುವುದರಿಂದ ಫೆಲ್ಟಿಗೆ ಏನೂ ಮುಟ್ಟುವುದಿಲ್ಲ.

ಕೃಷ್ಣಾತೀರ48, ಜಮಖಂಡಿ:
ಇಷ್ಟೆಲ್ಲಾ ಯಾಕ್ರಿ? ವಿನೆಗರಿನ್ಯಾಗ ಒಂದೀಟು ಬ್ಲೀಚಿಂಗ್ ಪುಡಿ ಕಲಸಿ ಹೊಡೀರಿ, ಆಮ್ಯಾಗ ಕಾಜ ಏರಿಸಿ ಒಳಗ ಲೋಬಾನದ ಹೊಗಿ ಹಾಕ್ರಿ.

ಕುಂದಾ22, ಬೆಳಗಾವಿ:
ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಬ್ಲೀಚಿಂಗ್ ಪುಡಿಗೆ ಯಾವುದೇ ಹುಳಿ ತಾಗಿದರೂ ಕ್ಲೋರಿನ್ ಅನಿಲ ಬಿಡುತ್ತದೆ. ಮುಚ್ಚಿದ ಕಾರಿನಲ್ಲಿ ಅದು ಜೀವಕ್ಕೇ ಅಪಾಯ. ಹೊಗೆ ಮೇಲ್ಚಾವಣಿಯ ಬಟ್ಟೆಗೆ ಹತ್ತಿಕೊಳ್ಳುತ್ತದೆ, ಆಮೇಲೆ ಒಂದರ ಬದಲು ಎರಡು ವಾಸನೆ.

ಮುಳುಗಡೆ29, ಬಾಗಲಕೋಟೆ:
ವಿನೆಗರ್ ಹಾಲಿನ ನಾತಕ್ಕ ಅಲ್ಲವೇ ಅಲ್ಲ, ಅದೂ ಹುಳಿ ಇದೂ ಹುಳಿ. ಅದು ಮೀನಿನ ನಾತಕ್ಕ ಸರಿ. ಬಂಗಡೆ ಡಬ್ಬಿ ಸೋರಿದ್ರ ನಾರೋ ಟ್ರೈಮಿಥೈಲಮೀನ್ ಕ್ಷಾರ, ಹುಳಿಗೆ ಕಟ್ಟು ಬೀಳ್ತೈತಿ: ಬಿಳಿ ವಿನೆಗರ್ ಒಂದು ಪಾಲು, ನೀರು ಎರಡು ಪಾಲು. ಎಣ್ಣೆಗಾಯಿ, ಉಪ್ಪಿನಕಾಯಿ ಎಣ್ಣಿ ಬಿದ್ದಿದ್ರ ಪಾತ್ರೆ ತಿಕ್ಕೋ ಲಿಕ್ವಿಡ್ ಮೊದಲು, ಉಳಿದದ್ದು ಆಮೇಲೆ.

ಗುಮ್ಮಟ28, ವಿಜಯಪುರ:
ಕಾರ್ಪೆಟ್ ಎತ್ತೀವ್ರಿ. ಫೆಲ್ಟ್ ನಡುವಿನ ಉಬ್ಬಿನ ಬಾಜೂಕ ಅಂಗೈ ಅಗಲ ಹಳದಿಯಾಗಿ ಬಿರುಸಾಗಿತ್ತು, ಹಿಚುಕಿದ್ರ ಮಸರಿನ ನೀರು. ತೊಳದು, ಎಂಜೈಮ್, ಸೋಡಾ ಎಲ್ಲಾ ಆತು. ಹುಳಿ ನಾತ ಹೋಗ್ಯದ. ಆದ್ರ ನಿನ್ನೆಯಿಂದ ಒದ್ದಿ ಗೋಣಿಚೀಲದ ಗಮಟು ವಾಸನಿ ಬರಾಕತ್ತದ. ಎಸಿ ಹಚ್ಚಿದಾಗೂ ಸ್ವಲ್ಪ ಹುಳಿ ಅನಸ್ತದ.

ಮುಳುಗಡೆ29, ಬಾಗಲಕೋಟೆ:
ಗಮಟು ಅಂದ್ರ ಫೆಲ್ಟ್ ಒಣಗಿಲ್ಲ, ಬೂಷ್ಟು ಸುರು ಆಗೈತಿ. ಕಾರ್ಪೆಟ್ ವಾಪಸ್ ಹಾಕಿಬಿಟ್ಟೀರಿ ಅನಸ್ತೈತಿ. ಮತ್ತ ಎತ್ತಿ ಮರದ ತುಂಡು ಕೊಡ್ರಿ, ಅದರ ಅಡ್ಯಾಗ ಗಾಳಿ ಹೋಗೂ ಹಂಗ ಟೇಬಲ್ ಫ್ಯಾನ್ ಬಾಗಿಲದಾಗ ಇಡ್ರಿ, ಎದುರು ಬಾಗಿಲಾ ತೆರದಿರಲಿ. ನಿಮ್ಮೂರ ಬ್ಯಾಸಗಿಗೆ ಎರಡು ದಿನ ಸಾಕು. ಬೆಳಗಾವಿ ಮಳಿಗಾಲದಾಗ ಇದೇ ಕೆಲಸಕ್ಕ ವಾರ ಹಿಡೀತೈತಿ, ಅಲ್ಲೇನಿದ್ರೂ ಫೆಲ್ಟ್ ಬ್ಲೇಡಿನಿಂದ ಕೊಯ್ದು ಹೊರಗ ಒಣಗಿಸೋದೇ ಚಲೋ. ಒಣಗಿತೋ ಇಲ್ಲೋ ತಿಳಿಬೇಕಂದ್ರ ಟಿಶ್ಯೂ ಪೇಪರ್ ಫೆಲ್ಟಿನ ಕೆಳಗ ಇಟ್ಟು ಮ್ಯಾಲೆ ನಿಂದ್ರಿ, ಕಾಗದ ಮೆತ್ತಗಾಗಬಾರದು. ಫೆಲ್ಟ್ ಎತ್ತಿದಾಗ ತಗಡಿನ ಮ್ಯಾಲಿನ ನೀರೂ ಒರಸ್ರಿ, ಅಲ್ಲಿ ವೈರಿಂಗ್ ಜೋಡಣಿ ಇದ್ರ ಹಸಿರು ಕಿಲುಬು ಹಿಡೀತೈತಿ.

ಕುಂದಾ22, ಬೆಳಗಾವಿ:
ಎಸಿಯಿಂದ ಬರುವುದಕ್ಕೆ ಕಾರಣ ಬೇರೆ. ರೀಸರ್ಕ್ಯುಲೇಶನ್ ಹಾಕಿದಾಗ ಬ್ಲೋವರ್ ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಒಂಬತ್ತು ದಿನ ಆ ನಾತ ಕ್ಯಾಬಿನ್ ಫಿಲ್ಟರ್, ಗಾಳಿ ತಂಪು ಮಾಡುವ ಇವಾಪರೇಟರ್ ಎರಡರ ಮೇಲೂ ಓಡಾಡಿದೆ. ಕಾರ್ಪೆಟ್ ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಬದಲಿಸಿ; ಬಹಳಷ್ಟು ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೆ. ಮೊದಲೇ ಬದಲಿಸಿದರೆ ಹೊಸದೂ ನಾರುತ್ತದೆ. ಆಮೇಲೂ ಉಳಿದರೆ ಇವಾಪರೇಟರ್‌ಗೆ ಫೋಮ್ ಕ್ಲೀನರ್ ಹೊಡೆಸಿ, ಕೆಳಗಿನ ಡ್ರೇನ್ ಪೈಪಿನಿಂದ ನೊರೆ ಇಳಿಯುವುದನ್ನು ಕಣ್ಣಾರೆ ನೋಡಿ.

ಅಂಗಡಿಯವರು ವಾಸನೆ ತೆಗೆಯಲು ಕಾರಿನೊಳಗೆ ಓಝೋನ್ ಅನಿಲ ಬಿಡಿಸಿ ಅನ್ನಬಹುದು. ಫೆಲ್ಟಿನ ಒಳಗೆ ಅದು ಇಳಿಯುವುದಿಲ್ಲ, ಹೆಚ್ಚಾದರೆ ರಬ್ಬರ್ ಬಿರಿಯುತ್ತದೆ. ಮೂಲ ತೊಳೆದ ಮೇಲೆ, ಒಳಗೆ ಯಾರೂ ಇಲ್ಲದಾಗ ಅರ್ಧ ಗಂಟೆ, ಆಮೇಲೆ ನಾಲ್ಕೂ ಬಾಗಿಲು ತೆರೆದು ಗಾಳಿಗೆ ಬಿಡುವುದಾದರೆ ಮಾತ್ರ.

ಗುಮ್ಮಟ28, ವಿಜಯಪುರ:
ಟಿಶ್ಯೂ ಒಣಗೇ ಬಂತ್ರಿ. ಫಿಲ್ಟರ್ ಹೊಸಾದು ಹಾಕೀವಿ. ಮಧ್ಯಾಹ್ನ ಎರಡು ಗಂಟೆ ಬಿಸಿಲಾಗ ನಿಲ್ಲಿಸಿ ನೋಡಿದ್ವಿ, ಹೊಸ ಫಿಲ್ಟರಿನ ಕಾಗದದ ವಾಸನಿ ಬಿಟ್ರ ಏನಿಲ್ಲ. ಸೀಟ್ ವಾಪಸ್ ಕೂಡಸಾಕತ್ತೀವಿ, ಹಿಂದಿನ ಎಡಗಡೆ ಬೋಲ್ಟ್ ತೂತಿಗೆ ಕೂಡವಲ್ದು.

ಮುಳುಗಡೆ29, ಬಾಗಲಕೋಟೆ:
ಉಳಿದ ಮೂರು ಮೊದಲೇ ಬಿಗಿ ಮಾಡೀರಿ. ಎಲ್ಲಾ ಸಡಲು ಮಾಡ್ರಿ, ನಾಕೂ ಬೋಲ್ಟ್ ಕೈಲೆ ಎರಡೆರಡು ಸುತ್ತು ಹಿಡಿಸ್ರಿ, ಸೀಟ್ ಹಿಂದ ಮುಂದ ಒಮ್ಮಿ ಸರಿಸಿ ಎರಡೂ ರೈಲು ಒಂದೇ ಹಲ್ಲಿಗೆ ಕುಂತಾವ ಅಂತ ನೋಡ್ರಿ, ಆಮೇಲೆ ಬಿಗೀರಿ. ಹಳದಿ ಕನೆಕ್ಟರ್ ಟಕ್ ಅಂದ ಮ್ಯಾಲೇ ಬ್ಯಾಟರಿ ಮೈನಸ್ ಜೋಡಸ್ರಿ.