ಪದಚರ್ಚೆ: ಗೇಮ್ ಮಾಸ್ಟರ್‌ಗೆ ‘ಭಾಗವತ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳು ಇನ್ನು ಮುಂದೆ ಎಷ್ಟು ಬೆಳೆಯಬಹುದು, ನಮ್ಮ ಕಡೆ ಬೇರು ಬಿಡುತ್ತವಾ ಅಂತ ಒಂದು ಬರಹಕ್ಕೆ ಕೈ ಹಾಕಿದ್ದೇನೆ. ಎರಡನೇ ಪ್ಯಾರಾದಲ್ಲೇ ಪದಗಳಿಗೆ ತಡಕಾಡುವ ಹಾಗಾಯಿತು. ಈ ಬಗೆಯ ಆಟಕ್ಕೆ ಒಂದು ಹೆಸರು ಬೇಕು. ಅದನ್ನು ನಡೆಸುವ ಗೇಮ್ ಮಾಸ್ಟರ್‌ಗೆ, ಒಂದು ಸಲದ ಸೆಷನ್‌ಗೆ, ತಿಂಗಳುಗಟ್ಟಲೆ ನಡೆಯುವ ಕ್ಯಾಂಪೇನ್‌ಗೆ ಒಂದೊಂದು ಪದ ಬೇಕು.

ಆಟ ನೋಡದವರಿಗಾಗಿ ಒಂದು ತುಣುಕು. ನಾಲ್ಕೈದು ಜನ ಕೂತಿರುತ್ತಾರೆ. ಎಲ್ಲರಿಗೂ ಒಂದೊಂದು ಪಾತ್ರ. ಒಬ್ಬರು ಮಾತ್ರ ಕಥೆ ನಡೆಸುತ್ತಾರೆ.

“ಕೋಟೆ ಬಾಗಿಲು ಅರ್ಧ ತೆರೆದಿದೆ. ಕಾವಲುಗಾರ ಒಬ್ಬನೇ ಇದ್ದಾನೆ. ಏನು ಮಾಡ್ತೀರಾ?”

“ನಾವು ಎಣ್ಣೆ ಮಾರೋರು ಅಂತ ಸುಳ್ಳು ಹೇಳ್ತೀನಿ.”

“ಹೇಳು ಮತ್ತೆ. ನಾನೇ ಕಾವಲುಗಾರ.”

ಆಟಗಾರ ಬಾಯಿಗೆ ಬಂದ ಕಥೆ ಕಟ್ಟುತ್ತಾನೆ. ಆಮೇಲೆ ಇಪ್ಪತ್ತು ಮುಖದ ದಾಳ ಹಾಕುತ್ತಾನೆ. ಮೂರು ಬೀಳುತ್ತದೆ, ಅಂದರೆ ಸುಳ್ಳು ಫಲಿಸಲಿಲ್ಲ.

“ಕಾವಲುಗಾರ ನಿನ್ನ ಅಂಗೈ ಮೂಸಿ ನೋಡ್ತಾನೆ. ಎಣ್ಣೆ ವಾಸನೆಯೇ ಇಲ್ಲ.”

ಇಷ್ಟೇ. ಮುಂದೇನಾಗುತ್ತದೆ ಅಂತ ನಡೆಸುವವರಿಗೂ ಗೊತ್ತಿರುವುದಿಲ್ಲ.

ಮೊದಲು ಆಟದ ಹೆಸರು. ‘ಮೇಜಿನ ಪಾತ್ರಾಭಿನಯದ ಆಟ’ ಅಂತ ಬರೆದು ನೋಡಿದೆ. ಸರ್ಕಾರಿ ಸುತ್ತೋಲೆಯ ಹಾಗಿದೆ. ಅದಕ್ಕಿಂತ ದೊಡ್ಡ ತಕರಾರು ‘ಮೇಜು’. ಟೇಬಲ್ ಅನ್ನುವ ಮಾತನ್ನು ಈಗ ಹೇಳುವುದೇ ಇದು ಕಂಪ್ಯೂಟರ್ ಆಟ ಅಲ್ಲ ಅಂತ ತೋರಿಸಲು. ಜಪಾನಿನಲ್ಲಿ 1986ರಲ್ಲಿ ಡ್ರಾಗನ್ ಕ್ವೆಸ್ಟ್ ವಿಡಿಯೋ ಗೇಮ್ ಬಂದ ಮೇಲೆ ಆರ್‌ಪಿಜಿ (ರೋಲ್‌ಪ್ಲೇಯಿಂಗ್ ಗೇಮ್) ಅಂದರೆ ಟಿವಿ ಮುಂದೆ ಆಡುವುದು ಅಂತಲೇ ಆಗಿಹೋಯಿತು. ಕೂತು ಆಡುವ ಆಟಕ್ಕೆ ಅವರು ‘ಟೇಬಲ್ ಟಾಕ್ ಆರ್‌ಪಿಜಿ’ ಅಂತ ಹೆಸರಿಟ್ಟುಕೊಂಡರು. ಗಮನಿಸಿ, ಟೇಬಲ್ ಜೊತೆಗೆ ಟಾಕ್ ಸೇರಿಸಿದರು.

ಅದು ಜಾಣತನ ಅಂತ ನನಗೆ ಈಗ ಅನಿಸುತ್ತಿದೆ. ಯಾಕಂದರೆ ಮೇಜು ಆಗಲೇ ಅರ್ಧ ಹೋಗಿದೆ. ಆನ್‌ಲೈನಲ್ಲೇ ಈ ಆಟ ಆಡಲು ರೋಲ್20 ಥರದ ತಾಣಗಳು 2012ರಿಂದಲೇ ಇವೆ. 2020ರ ಲಾಕ್‌ಡೌನ್‌ನಲ್ಲಿ ಆಡುವವರೆಲ್ಲ ಪರದೆಗೆ ಹೋದರು, ಎಷ್ಟೋ ಜನ ಅಲ್ಲೇ ಉಳಿದರು. ಒಬ್ಬ ಬೆಂಗಳೂರಲ್ಲಿ, ಇನ್ನೊಬ್ಬ ಡಲ್ಲಾಸಲ್ಲಿ ಕೂತು ಆಡಿದರೆ ಮೇಜು ಯಾರದು? ದಾಳವನ್ನೂ ಕಂಪ್ಯೂಟರೇ ಹಾಕುತ್ತದೆ. ಉಳಿಯುವುದು ಮಾತು ಮಾತ್ರ. ಹಾಗಾಗಿ ಹೆಸರಲ್ಲಿ ಮೇಜು ಬೇಡ, ಸುಮ್ನೆ ‘ಪಾತ್ರದಾಟ’ ಸಾಕು ಅನ್ನುವುದು ನನ್ನ ವಾದ. ಕರಾವಳಿಯವರಿಗೆ ‘ಆಟ’ ಅಂದರೆ ಯಕ್ಷಗಾನವೂ ಹೌದು. ಅದರಿಂದ ಗೊಂದಲ ಆಗುತ್ತದಾ, ಇಲ್ಲ ಲಾಭವೇ ಆಗುತ್ತದಾ, ನೀವೇ ಹೇಳಬೇಕು.

ಇನ್ನು ಗೇಮ್ ಮಾಸ್ಟರ್. ನೀವೆಲ್ಲ ‘ಸೂತ್ರಧಾರ’ ಅಂತೀರಿ ಅಂತ ಗೊತ್ತು. ಎರಡು ತೊಂದರೆ ಇದೆ. ಪೇಪರ್‌ನಲ್ಲಿ ಈಗ ಸೂತ್ರಧಾರ ಅಂದರೆ ದರೋಡೆ ಮಾಡಿಸಿದವನು. ‘ಪ್ರಮುಖ ಸೂತ್ರಧಾರ ಬಂಧನ’ ಅನ್ನುವ ಹೆಡ್‌ಲೈನ್ ಎಷ್ಟು ಸಲ ಓದಿಲ್ಲ? ಇನ್ನೊಂದು, ಸೂತ್ರ ಅಂದಕೂಡಲೇ ಗೊಂಬೆಯ ದಾರ ಕಣ್ಣಿಗೆ ಬರುತ್ತದೆ. ಆದರೆ ಈ ಆಟದಲ್ಲಿ ಆಡುವವರು ಗೊಂಬೆಗಳಲ್ಲ, ಅದೇ ಇದರ ಜೀವ. ‘ಆಡಿಸುವವನು’ ಅಂದರೆ ದೇವರಾಗಿಬಿಡುತ್ತಾನೆ. ಜರ್ಮನಿ, ಸ್ವೀಡನ್ನಿನವರು ‘ಆಟದ ಮುಂದಾಳು’ ಅನ್ನುವ ಅರ್ಥದ ಪದ ಮಾಡಿಕೊಂಡಿದ್ದಾರೆ. ‘ಆಟನಡೆಸುಗ’ ಅಂತ ಅಚ್ಚಗನ್ನಡದ ಗೆಳೆಯರು ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಅರ್ಥ ಆಗುತ್ತದೆ, ಆದರೆ ಆಡುತ್ತಾ ಕೂತವರು ಅವರನ್ನು ಹಾಗೆ ಕೂಗೋದು ಕಷ್ಟ.

ನನಗೆ ಹಿಡಿಸಿದ್ದು ಯಕ್ಷಗಾನದ ಇನ್ನೊಂದು ರೂಪವಾದ ತಾಳಮದ್ದಳೆಯ ಮಾತುಗಳು. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಕೂತು, ಬರೆದಿಟ್ಟ ಸಂಭಾಷಣೆ ಇಲ್ಲದೆ, ಪಾತ್ರವಾಗಿ ಮಾತಾಡುತ್ತಾರೆ. ವಾಲಿ ಕೇಳಿದ ಪ್ರಶ್ನೆಗೆ ರಾಮ ಅಲ್ಲೇ ಉತ್ತರ ಹುಟ್ಟಿಸಬೇಕು. ಮಾತು ಎಳೆದಾಡಿದರೆ ಹಾಡುತ್ತಾ ಕಥೆ ನಡೆಸುವ ಭಾಗವತರು ಮುಂದಿನ ಹಾಡು ಎತ್ತಿಕೊಂಡು ಕಥೆಯನ್ನು ಮುಂದಕ್ಕೆ ತಳ್ಳುತ್ತಾರೆ. ಒಳ್ಳೆಯ ಗೇಮ್ ಮಾಸ್ಟರ್ ಮಾಡುವುದೂ ಇದನ್ನೇ, ಅಲ್ವಾ?

ವ್ಯತ್ಯಾಸವೂ ಇದೆ, ಮುಚ್ಚಿಡುವುದಿಲ್ಲ. ಭಾಗವತರು ಹಾಡಬೇಕು, ಕಾವಲುಗಾರನ ಮಾತನ್ನು ಅವರು ಆಡುವುದಿಲ್ಲ. ಎಷ್ಟೇ ವಾದ ಗೆದ್ದರೂ ವಾಲಿ ಕೊನೆಗೆ ಸಾಯಲೇಬೇಕು, ಪ್ರಸಂಗದಲ್ಲಿ ಹಾಗೇ ಇದೆ. ಇಲ್ಲಿ ದಾಳ ಕೃಪೆ ಮಾಡಿದರೆ ವಾಲಿ ಎದ್ದು ಮನೆಗೆ ಹೋಗಬಹುದು. ಇಷ್ಟು ಅಂತರ ಇಟ್ಟುಕೊಂಡು ‘ಭಾಗವತ’ವನ್ನು ಎರವಲು ತಂದರೆ ಕಲಾವಿದರಿಗೆ, ಅಭಿಮಾನಿಗಳಿಗೆ ಬೇಜಾರಾಗುತ್ತದಾ? ನನ್ನ ಮುಖ್ಯ ಪ್ರಶ್ನೆ ಇದು.

ಸೆಷನ್‌ಗೆ ‘ಕೂಟ’ ಹೇಗೆ? ಆಟ ಅಂದರೆ ಯಕ್ಷಗಾನ, ಕೂಟ ಅಂದರೆ ತಾಳಮದ್ದಳೆ ಅಂತ ಕರಾವಳಿಯಲ್ಲಿ ಬಳಕೆ ಇದ್ದೇ ಇದೆ. ಬಯಲುಸೀಮೆಯವರಿಗೆ ಮೊದಲು ನೆನಪಾಗುವುದು ಕ್ರೀಡಾಕೂಟವೋ ಭೋಜನಕೂಟವೋ ಇರಬೇಕು. ಆದರೂ ‘ಶನಿವಾರ ಕೂಟ ಇದೆ, ಬರ್ತೀಯಾ?’ ಅನ್ನುವುದು ನಾಲಿಗೆಗೆ ಸಲೀಸಾಗಿದೆ.

ಸುಮ್ನೆ ಪದಕ್ಕಾಗಿ ಪದ ಹುಡುಕುತ್ತಿಲ್ಲ. ಈ ಆಟದ ಮುಂದಿನ ದಾರಿಯೂ ಕೂಟದ ಕಡೆಗೇ ಇದೆ ಅನ್ನುವುದು ನನ್ನ ಅಂದಾಜು. ಈ ಬಗೆಯ ಆಟಗಳಿಗೆ ನಾಂದಿ ಹಾಡಿದ, ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಬಂದಾಗ ಅಚ್ಚಾಗಿದ್ದು 1,000 ಪ್ರತಿ. 40 ವರ್ಷ ಅದು ಆಡುವವರ ಆಟವಾಗಿಯೇ ಇತ್ತು. 2014ರಲ್ಲಿ ಐದನೇ ಆವೃತ್ತಿ ನಿಯಮಗಳನ್ನು ಹಗುರ ಮಾಡಿತು. ಮರುವರ್ಷ ಕ್ರಿಟಿಕಲ್ ರೋಲ್ ತಂಡದ ಕಂಠದಾನ ಕಲಾವಿದರು ತಮ್ಮ ಆಟವನ್ನು ನೇರಪ್ರಸಾರ ಮಾಡತೊಡಗಿದರು. ಆಮೇಲೆ ನೋಡುಗರು ಹುಟ್ಟಿಕೊಂಡರು. 2019ರಲ್ಲಿ ಅದೇ ತಂಡ ಅನಿಮೇಷನ್‌ಗೆ ಅಂತ 7,50,000 ಡಾಲರ್ ಕೇಳಿದರೆ ಜನ ಕೊಟ್ಟಿದ್ದು 1.1 ಕೋಟಿ ಡಾಲರ್‌ಗೂ ಜಾಸ್ತಿ. 2025ರ ಜನವರಿಯಲ್ಲಿ ಹೀಗೇ ಆಡಿ ತೋರಿಸುವ ಡೈಮೆನ್ಷನ್ 20 ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡಿತು. ಬೇರೆಯವರು ಕೂತು ಮಾತಾಡುವುದನ್ನು ಕೇಳಲು ಜನ ಟಿಕೆಟ್ ತೆಗೆದುಕೊಂಡು ಬಂದರು! ರಾತ್ರಿಯಿಡೀ ಕೂತು ಅರ್ಥಗಾರಿಕೆ ಕೇಳಿದ ಊರುಗಳಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ. ಆಡುವವರ ಸಂಖ್ಯೆ ಒಂದು ಮಟ್ಟಕ್ಕೆ ನಿಂತೀತು, ಕೇಳುವವರ ಸಂಖ್ಯೆ ಬೆಳೆಯುತ್ತದೆ ಅಂತ ನನಗನಿಸುತ್ತದೆ. ಕೇಳುವುದಾದರೆ ಕಿವಿಗೆ ಒಗ್ಗುವ ಭಾಷೆ ಬೇಕು.

ಕನ್ನಡಕ್ಕೆ ತರಲು ಕಾನೂನಿನ ಅಡ್ಡಿಯೂ ಈಗ ಇಲ್ಲ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತರುವ ಕಂಪನಿ ಹಳೆಯ ಮುಕ್ತ ಪರವಾನಗಿ ಬದಲಿಸಲು ಹೋಗಿ ಆಟಗಾರರ ಕೈಲಿ ಚೆನ್ನಾಗಿ ಬೈಸಿಕೊಂಡಿತು. ಅದೇ ತಿಂಗಳ ಕೊನೆಗೆ ಮೂಲ ನಿಯಮಗಳ 400ಕ್ಕೂ ಹೆಚ್ಚು ಪುಟಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟುಕೊಟ್ಟಿತು. ಮೂಲದವರ ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಅನುವಾದ ಮಾಡಬಹುದು, ಮಾರಲೂಬಹುದು. ಮಾಡುವವರು ಸಿಕ್ಕರೆ ಮೊದಲ ದಿನವೇ ಕೇಳುವುದು ಈ ಪದಗಳನ್ನೇ.

ಚಿಲ್ಲರೆ ಪದಗಳು ಅಷ್ಟು ಕಷ್ಟ ಕೊಡಲಿಲ್ಲ. ದಾಳ ಇದೆ. ಬಿದ್ದ ಎಣಿಕೆಗೆ ಪಗಡೆ, ಚೌಕಾಬಾರದ ‘ಗರ’ ಇದೆ (ಗರ ಬಡಿದವರ ಹಾಗೆ ಕೂರುವ ಗರ ಬೇರೆ). ಪಾತ್ರದ ಬಲ, ಬುದ್ಧಿ, ಹುಟ್ಟು, ಕುಲ ಎಲ್ಲ ಬರೆದಿಡುವ ಕ್ಯಾರೆಕ್ಟರ್ ಶೀಟ್‌ಗೆ ‘ಜಾತಕ’ ಅಂದರೆ ಯಾರೂ ಬೇಡ ಅನ್ನಲಾರರು. ಡಂಜನ್‌ಗೆ ‘ನೆಲಮಾಳಿಗೆ’ ಸಾಲದು, ಅದು ದವಸ ತುಂಬಿಡುವ ಜಾಗದ ಹಾಗೆ ಕೇಳಿಸುತ್ತದೆ. ಶ್ರೀರಂಗಪಟ್ಟಣದ ಹಳೆಯ ಸೆರೆಮನೆಗೇ ನಾವು ಬೈಲಿ ಡಂಜನ್ ಅಂತ ಹೇಳಿಕೊಂಡು ಬಂದಿದ್ದೇವೆ. ಹಾಗೇ ಇರಲಿ.

ಉಳಿದಿದ್ದು ಕ್ಯಾಂಪೇನ್. ಈ ಆಟ ಹುಟ್ಟಿದ್ದು ಯುದ್ಧದಾಟಗಳಿಂದ, ಅಲ್ಲಿಂದ ಬಂದ ಮಾತು ಅದು. ‘ದಂಡಯಾತ್ರೆ’ ಅಂದರೆ ಮೂಲಕ್ಕೆ ಹತ್ತಿರ, ಆದರೆ ಎಲ್ಲ ಕಥೆಯಲ್ಲೂ ದಂಡು ಇರುವುದಿಲ್ಲ. ‘ಅಭಿಯಾನ’ ಅಂದರೆ ಪೋಲಿಯೋ ಹನಿ ನೆನಪಾಗುತ್ತದೆ. ಒಂದು ಬಿಡಿ ಕಥೆಗೆ ‘ಪ್ರಸಂಗ’ ಹೊಂದುತ್ತದೆ. ವರ್ಷಗಟ್ಟಲೆ ಅದೇ ಪಾತ್ರಗಳು ಕೂಟದಿಂದ ಕೂಟಕ್ಕೆ ಸಾಗುವ ಕಥೆಗೆ ಏನನ್ನೋಣ? ಹರಿಕಥೆ, ಪುರಾಣ ಪ್ರವಚನ ಮಾಡಿಸಿ ಗೊತ್ತಿರುವವರು, ಮೇಳದ ತಿರುಗಾಟ ಕಂಡವರು ಯಾರಾದರೂ ಇದ್ದರೆ, ಹತ್ತಾರು ದಿನ ನಡೆಯುವ ಒಂದೇ ಕಥೆಗೆ ನಿಮ್ಮ ಊರಲ್ಲಿ ಬಳಸುವ ಮಾತು ತಿಳಿಸಿ. ‘ತಿರುಗಾಟ’ವನ್ನೇ ಇಟ್ಟುಕೊಳ್ಳಬಹುದಾ ಅನ್ನುವುದನ್ನೂ ಹೇಳಿ.