ಬಾಯಲ್ಲಿ ಸ್ತೋತ್ರ ಇದೆ, ಮನಸ್ಸಲ್ಲಿ ಸಂತೋಷ ಇಲ್ಲ: ನೀವೇನು ಮಾಡ್ತೀರಿ?

ಕೇಳಿದವರು:
ಎಲ್ಲರಿಗೂ ವಂದನೆಗಳು. ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತೇನೆ. ಮನೆಯಲ್ಲಿ ಕುಟುಂಬ ಪ್ರಾರ್ಥನೆಯೂ ಇದೆ. ದೊಡ್ಡ ಕಷ್ಟ ಅಂತ ಏನೂ ಇಲ್ಲ. ಆದರೂ ಸೋಮವಾರ ಬಂತೆಂದರೆ ಅದೇ ಕೆಲಸ, ಅದೇ ಸುಸ್ತು, ಅದೇ ಸಿಡುಕು. ನನ್ನ ಪ್ರಾರ್ಥನೆಯನ್ನು ನಾನೇ ಕೇಳಿಸಿಕೊಂಡರೆ ಬರೀ ಬೇಡಿಕೆ. ಯಾವಾಗಲೂ ಸಂತೋಷಿಸಿರಿ ಅನ್ನುವ ಬೈಬಲ್ ವಾಕ್ಯ ಓದಿದರೆ ಸಂತೋಷಕ್ಕಿಂತ ಬೇಜಾರೇ ಜಾಸ್ತಿ ಆಗುತ್ತದೆ. ಪ್ರಸಂಗ ಬೇಡ, ಬೇಕಾದಷ್ಟು ಕೇಳಿದ್ದೇನೆ. ನಿಮ್ಮ ದಿನದಲ್ಲಿ ನಿಜವಾಗಿ ಏನು ಮಾಡುತ್ತೀರಿ, ಅದನ್ನು ಹೇಳಿ.

ಮನೆ, ಮಕ್ಕಳು, ಆಫೀಸು ಮೂರನ್ನೂ ನೋಡಿಕೊಳ್ಳುವವಳು:
ಮೊದಲು "ದೇವರೇ, ನಿನ್ನ ಎಲ್ಲಾ ಆಶೀರ್ವಾದಗಳಿಗಾಗಿ ಸ್ತೋತ್ರ" ಅನ್ನುವ ಸಾಲನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಹೇಳಿ ಹೇಳಿ ನಾಲಿಗೆಗೆ ಬಾಯಿಪಾಠ ಆಗಿಹೋಗಿದೆ, ಮನಸ್ಸಿಗೆ ಕೆಲಸವೇ ಇಲ್ಲ. ಅದರ ಬದಲು ಇವತ್ತಿನ ಒಂದು ಸಂಗತಿಯನ್ನು ಹೆಸರು ಹಿಡಿದು ಹೇಳಿ.

ನಾನು ಇದನ್ನು ರಾತ್ರಿ ಪಾತ್ರೆ ತೊಳೆಯುವಾಗ ಮಾಡುತ್ತೇನೆ. ನಲ್ಲಿ ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಅದೊಂದು ಅನುಕೂಲ. "ಕರ್ತನೇ, ಸಂಜೆ ಮಗನಿಗೆ ರೇಗಿದೆ. ಸ್ವಲ್ಪ ಹೊತ್ತಿಗೆ ಅವನೇ ಬಂದು ನನ್ನ ಬೆನ್ನಿಗೆ ಒರಗಿ ಹೋಮ್‌ವರ್ಕ್ ಬರೆಯುತ್ತಾ ಕೂತ. ಅದಕ್ಕೆ ಸ್ತೋತ್ರ." "ಪಕ್ಕದ ಸೀಟಿನವರು ನಾನು ಕೇಳದೇನೇ ನನ್ನ ಅರ್ಧ ಫೈಲು ಮುಗಿಸಿಕೊಟ್ಟರು. ಅದಕ್ಕೆ ಸ್ತೋತ್ರ." ಕೆಲವು ದಿನ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ಆಗ ಕೈಮೇಲೆ ಬೀಳುತ್ತಿರುವ ಬಿಸಿನೀರಿಗೇ ಸ್ತೋತ್ರ ಹೇಳಿ ಮುಗಿಸುತ್ತೇನೆ. ದೇವರಿಗೇನೂ ಬೇಸರವಾಗುವುದಿಲ್ಲ ಅಂತ ನನ್ನ ನಂಬಿಕೆ.

17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ವರ್ಷಗಟ್ಟಲೆ ಅಡುಗೆಮನೆ ಕೆಲಸ. ಆ ಕೆಲಸ ಅವರಿಗೆ ಸ್ವಲ್ಪವೂ ಇಷ್ಟವಿರಲಿಲ್ಲವಂತೆ. ಆದರೆ ಅದರ ಮಧ್ಯೆಯೇ ದೇವರ ಜೊತೆ ಮಾತಾಡುತ್ತಾ ಇದ್ದರು. ಇದನ್ನು ಓದಿದಾಗ ನನಗೆ ತುಂಬಾ ಹಗುರವಾಯಿತು. ಕೆಲಸ ಇಷ್ಟವಾಗಲೇಬೇಕು ಅಂತೇನಿಲ್ಲ ಅಲ್ವಾ.

ನಿವೃತ್ತ ಮೇಷ್ಟ್ರು:
ಅಮ್ಮ ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ. ಬೈಬಲ್ಲಿನಲ್ಲಿ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ ತುಂಬ ಸಂತೋಷದ ಮಾತೇ ಇದೆ, ಬರೆದ ಪೌಲ ಆಗ ಸೆರೆಯಲ್ಲಿದ್ದ. ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರುವುದು ಹುಟ್ಟಿನಿಂದ ಬಂದ ಗುಣವಲ್ಲ, ಕಲಿತದ್ದು ಅಂತ 4ನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ಪೌಲನೇ ಕಲಿಯಬೇಕಾಯಿತು ಅಂದಮೇಲೆ ನಿಮಗೆ ಸೋಮವಾರ ಬೆಳಿಗ್ಗೆ ತಾನಾಗಿ ಬರಲಿಲ್ಲ ಅಂತ ಯಾಕೆ ಕೊರಗುತ್ತೀರಿ?

ನಾನು ಮಲಗುವ ಮುಂಚೆ ಕುರ್ಚಿಯಲ್ಲಿ ಕೂತು ಬೆಳಗ್ಗಿನಿಂದ ನಡೆದದ್ದನ್ನು ಒಂದೊಂದಾಗಿ ನೆನೆಯುತ್ತೇನೆ. 16ನೇ ಶತಮಾನದಲ್ಲಿ ಇಗ್ನೇಷಿಯಸ್ ಲೊಯೋಲಾ ಅನ್ನುವ ಕ್ರೈಸ್ತ ಸಂತರು ಹೇಳಿಕೊಟ್ಟ ಕ್ರಮ ಇದು. ಅದರಲ್ಲಿ ಮೊದಲು ಸಿಕ್ಕ ಉಪಕಾರಕ್ಕೆ ವಂದನೆ. ನಮ್ಮ ತಪ್ಪುಗಳನ್ನು ನೋಡುವುದು ಆಮೇಲೆ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ತಪ್ಪಿನಿಂದಲೇ ಶುರು ಮಾಡಿ ಅಲ್ಲೇ ನಿದ್ದೆ ಹೋಗುತ್ತೇವೆ.

ಬರೆಯುವ ಅಭ್ಯಾಸ ಇದ್ದರೆ ಬರೆಯಿರಿ, ಆದರೆ ದಿನಾ ಬರೆಯಲೇಬೇಕು ಅಂತ ಹಟ ಬೇಡ. ವಾರಕ್ಕೊಮ್ಮೆ ಕೃತಜ್ಞತೆಯ ಪಟ್ಟಿ ಬರೆದವರಿಗೆ ಬದುಕಿನ ಬಗ್ಗೆ ಒಳ್ಳೆಯ ಭಾವನೆ ಹೆಚ್ಚಿತ್ತು ಅಂತ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಅನ್ನುವ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ಸೋನ್ಯಾ ಲ್ಯುಬೊಮಿರ್ಸ್ಕಿ ಅನ್ನುವವರ ತಂಡ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಪ್ರಯೋಜನ ಕಂಡಿತು, ವಾರಕ್ಕೆ ಮೂರು ಸಲ ಬರೆದವರಿಗೆ ಕಾಣಲಿಲ್ಲ. ಪದೇ ಪದೇ ಮಾಡಿದರೆ ಅದೂ ಒಂದು ಹೋಮ್‌ವರ್ಕ್ ಆಗಿಬಿಡುತ್ತದೆ ಅಂತ ಕಾಣುತ್ತದೆ. ನಾನು ಶನಿವಾರ ಸಂಜೆ ಮಾತ್ರ ಬರೆಯುತ್ತೇನೆ.

ನರ್ಸ್ ಕೆಲಸ ಮಾಡುವವಳು:
ಎಲ್ಲರೂ ಪಟ್ಟಿಯ ಬಗ್ಗೆ ಹೇಳಿದಿರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವಾರ್ಡಿನಲ್ಲಿ ಈಗಷ್ಟೇ ಒಬ್ಬರನ್ನು ಕಳೆದುಕೊಂಡವರ ಭುಜ ತಟ್ಟಿ "ಎಲ್ಲಾ ಒಳ್ಳೆಯದಕ್ಕೇ, ಸ್ತೋತ್ರ ಹೇಳಿ" ಅನ್ನುವ ವಿಶ್ವಾಸಿಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ನಿಮಗೆ ನೀವೂ ಹೇಳಿಕೊಳ್ಳಬೇಡಿ. 13ನೇ ಕೀರ್ತನೆ ತೆಗೆದು ನೋಡಿ. ಬರೀ 6 ವಚನ. ಎಷ್ಟರ ತನಕ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುತ್ತಾ ಶುರುವಾಗುತ್ತದೆ, ಹಾಡುತ್ತೇನೆ ಅಂತ ಮುಗಿಯುತ್ತದೆ. 88ನೇ ಕೀರ್ತನೆಯಂತೂ ಕೊನೆಯವರೆಗೂ ಕತ್ತಲಲ್ಲೇ ಇದೆ. ಅದೂ ಬೈಬಲ್ಲಿನಲ್ಲೇ ಇದೆ. ಕೆಟ್ಟ ಡ್ಯೂಟಿ ಮುಗಿಸಿ ಬಂದ ದಿನ ನಾನು 13ರ ಮೊದಲ ಎರಡು ವಚನ ಮಾತ್ರ ಓದಿ "ಇವತ್ತಿಗೆ ಇಷ್ಟೇ ಆಗೋದು ಕರ್ತನೇ" ಅಂತ ಪುಸ್ತಕ ಮುಚ್ಚುತ್ತೇನೆ. ಉಳಿದ ವಚನ ಇನ್ಯಾವತ್ತೋ ತಾನಾಗಿ ಬರುತ್ತದೆ. ಮುಚ್ಚಿಟ್ಟ ದುಃಖದ ಮೇಲೆ ಸುಮ್ನೆ ಹೇಳಿದ ಸ್ತೋತ್ರಕ್ಕಿಂತ ಇದೇ ನನಗೆ ನಿಜ ಅನ್ನಿಸುತ್ತದೆ.

ಇನ್ನೊಂದು. ಸುಸ್ತು ಅಂತ ಬರೆದಿದ್ದೀರಿ. ಬೈಬಲ್ಲಿನ 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಕಪ್ಪಾ ಸಾಕು, ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಮಲಗುತ್ತಾನೆ. ಬಂದ ದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ತಿನ್ನಲು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ನೀವೂ ಮೊದಲು ಸರಿಯಾಗಿ ನಿದ್ದೆ ಮಾಡಿ. ವಾರಗಟ್ಟಲೆ ಯಾವುದರಲ್ಲೂ ರುಚಿಯಿಲ್ಲ, ನಿದ್ದೆ ಊಟ ಎರಡೂ ಕೆಟ್ಟಿದೆ ಅಂದರೆ ಡಾಕ್ಟರ್‌ಗೆ ತೋರಿಸಿ. ಅದನ್ನು ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕೇಳಿದವರು:
ನಿದ್ದೆ ಸರಿಯಾಗೇ ಇದೆ ಸಿಸ್ಟರ್, ಆದರೂ ಕೇಳಿದ್ದು ಒಳ್ಳೆಯದಾಯಿತು. ಹೆಸರು ಹಿಡಿದು ಹೇಳುವುದನ್ನು ಇವತ್ತೇ ಶುರು ಮಾಡುತ್ತೇನೆ. ಕೇಳಲು ನಾಚಿಕೆ, ಆದರೂ ಕೇಳುತ್ತೇನೆ. ಸಭೆಯಲ್ಲಿ ಬೇರೆಯವರು ಕೆಲಸ ಸಿಕ್ಕಿತು, ಮನೆ ಆಯಿತು ಅಂತ ಸಾಕ್ಷಿ ಹೇಳಿದಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅದಕ್ಕೇನು ಮಾಡುವುದು?

ಯುವಕರ ಕೂಟ ನಡೆಸುವವನು:
ನಾಚಿಕೆ ಯಾಕೆ, ಎಲ್ಲರಿಗೂ ಆಗುವುದೇ. ಯಾರ ಮೇಲೆ ಹೊಟ್ಟೆಕಿಚ್ಚೋ ಅವರ ಹೆಸರು ಹೇಳಿ, ಅವರಿಗೆ ಸಿಕ್ಕಿದ್ದಕ್ಕೆ ನೀವು ಸ್ತೋತ್ರ ಹೇಳಿ. ಮೊದಲ ಸಲ ಹಲ್ಲು ಕಚ್ಚಿಕೊಂಡೇ ಹೇಳುತ್ತೀರಿ. ಪರವಾಗಿಲ್ಲ, ಹೇಳಿ.

ನಮ್ಮ ಕೂಟದಲ್ಲಿ ಸಾಕ್ಷಿ ದೊಡ್ಡದಾಗಿರಬೇಕು ಅನ್ನುವುದನ್ನೇ ತೆಗೆದುಹಾಕಿದೆವು. ಈ ವಾರ ನಿಮಗೆ ಉಪಕಾರ ಮಾಡಿದ ಒಬ್ಬರ ಬಗ್ಗೆ ಹೇಳಿ ಅಂದೆವು. ಬಾಯೇ ಬಿಡದ ಹುಡುಗರೂ ಮಾತಾಡಿದರು. ಆ ಒಬ್ಬರಿಗೆ ಅವತ್ತೇ ಫೋನ್ ಮಾಡಿ ಅಥವಾ ಮೆಸೇಜ್ ಕಳಿಸಿ ಅನ್ನುವುದೂ ಸೇರಿದೆ. ಬೈಬಲ್ಲಿನ ಯಾಜಕಕಾಂಡ 7ರಲ್ಲಿ ಕೃತಜ್ಞತೆಗಾಗಿ ಅರ್ಪಿಸಿದ ಯಜ್ಞದ ಮಾಂಸವನ್ನು ಅದೇ ದಿನ ತಿನ್ನಬೇಕು, ಬೆಳಗಿನ ತನಕ ಉಳಿಸಬಾರದು ಅಂತ ನಿಯಮ ಇದೆ. ಒಂದಿಡೀ ಪ್ರಾಣಿಯನ್ನು ಒಬ್ಬನೇ ತಿಂದು ಮುಗಿಸೋಕಾಗುತ್ತಾ? ನಾಲ್ಕು ಜನರನ್ನು ಕರೆಯಲೇಬೇಕು. ಒಬ್ಬರೇ ಕೂತು ಎಷ್ಟು ಪ್ರಯತ್ನಪಟ್ಟರೂ ಬರದ ಸಂತೋಷ ಹೇಳಿಕೊಂಡಾಗ ಬರುವುದನ್ನು ನಾನು ಕೂಟದಲ್ಲಿ ನೋಡುತ್ತಲೇ ಇರುತ್ತೇನೆ.

ಮನೆ, ಮಕ್ಕಳು, ಆಫೀಸು ಮೂರನ್ನೂ ನೋಡಿಕೊಳ್ಳುವವಳು:
ಮೇಷ್ಟ್ರೇ, ಶನಿವಾರ ಬರೆದದ್ದನ್ನು ಮನೆಯವರಿಗೆ ಓದಿ ಹೇಳುತ್ತೀರಾ?

ನಿವೃತ್ತ ಮೇಷ್ಟ್ರು:
ಹೇಳುತ್ತೇನಮ್ಮ. ನಮ್ಮ ಮನೆಯವಳು ಪೂರ್ತಿ ಕೇಳಿಸಿಕೊಂಡು, ವಾರವಿಡೀ ತಾನು ಮಾಡಿದ ಯಾವುದಾದರೂ ಬಿಟ್ಟುಹೋಗಿದ್ದರೆ ಜ್ಞಾಪಿಸುತ್ತಾಳೆ. ಪ್ರತಿ ಸಲ ಏನಾದರೂ ಬಿಟ್ಟುಹೋಗಿಯೇ ಇರುತ್ತದೆ.